ಮನೆ ಎಣಿಸಿ ಸ್ವರ ಹಿಡಿಯುವುದು ಹೇಗೆ?

ಕೀಬೋರ್ಡ್ ಕೊಂಡು ತಂದ ಹೊಸಬರು ಮೊದಲು ಕೇಳುವುದು ‘ರಿ ಯಾವ ಮನೆ?’ ಎಂದು. ಮನೆ ಎಂದರೆ ಬೆರಳಿನಿಂದ ಒತ್ತುವ ಕೀಲಿ. ಸ ಯಾವ ಮನೆ ಎಂದು ಗೊತ್ತುಮಾಡಿಕೊಳ್ಳುವವರೆಗೆ ಇದಕ್ಕೆ ಉತ್ತರವೇ ಇಲ್ಲ. ನಮ್ಮ ಕರ್ನಾಟಕ ಸಂಗೀತದಲ್ಲಿ ಷಡ್ಜವನ್ನು (ಸ) ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಉಳಿದ ಸ್ವರಗಳೆಲ್ಲ ಅಲ್ಲಿಂದ ಇಷ್ಟಿಷ್ಟು ದೂರ ಎಂಬ ಲೆಕ್ಕದಲ್ಲಿ ನಿಲ್ಲುತ್ತವೆ. ಆ ದೂರವನ್ನು ಎಣಿಸಲು ಬಂದರೆ ಯಾವ ಶ್ರುತಿಯಲ್ಲಾದರೂ (ಸ ಇಟ್ಟ ಎತ್ತರ) ಯಾವ ಮೇಳವನ್ನಾದರೂ (ಏಳು ಸ್ವರಗಳ ಜೋಡಣೆ) ನೀವೇ ಹುಡುಕಿಕೊಳ್ಳಬಹುದು.

ಬೇಕಾದದ್ದು ಮೂರೇ: ಹಾರ್ಮೋನಿಯಂ ಅಥವಾ ಕೀಬೋರ್ಡ್, ಮೊಬೈಲ್‌ನಲ್ಲಿ ಒಂದು ತಂಬೂರ ಆ್ಯಪ್, ಸ್ವರದ ಎತ್ತರ ಅಳೆಯುವ ಒಂದು ಟ್ಯೂನರ್ ಆ್ಯಪ್. ಕೀಬೋರ್ಡ್‌ನ ಟ್ರಾನ್ಸ್‌ಪೋಸ್ (ಎಲ್ಲ ಮನೆಗಳ ಎತ್ತರವನ್ನು ಒಟ್ಟಿಗೆ ಸರಿಸುವ ಗುಂಡಿ) ಸೊನ್ನೆಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮನೆಯಲ್ಲಿ ಮಕ್ಕಳು ಆ ಗುಂಡಿ ಒತ್ತಿ ಹೋಗಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಹಾರ್ಮೋನಿಯಂನಲ್ಲಿ ಎರಡು ಸಾಲು ರೀಡ್ ತೆರೆದಿದ್ದರೆ ಒಂದೇ ಮನೆಗೆ ಎರಡು ಸ್ಥಾಯಿ ಒಟ್ಟಿಗೆ ಕೇಳಬಹುದು. ಒಂದು ಸ್ಟಾಪ್ (ರೀಡ್ ಸಾಲನ್ನು ತೆರೆದು ಮುಚ್ಚುವ ಗುಂಡಿ) ಮುಚ್ಚಿ.

ಹನ್ನೆರಡು ಮನೆಗಳ ಲೆಕ್ಕ

ಧ್ವನಿಯ ಎತ್ತರವೆಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಸಂಖ್ಯೆ. ಸಂಖ್ಯೆ ಎರಡು ಪಟ್ಟಾದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಈ ಒಂದು ಸ್ಥಾಯಿಯನ್ನು ಕೀಬೋರ್ಡ್ 12 ಸಮಪಾಲು ಮಾಡಿರುತ್ತದೆ. ಒಂದು ಮನೆಯ ಕಂಪನಸಂಖ್ಯೆಯನ್ನು ಸುಮಾರು 1.0595ರಿಂದ ಗುಣಿಸಿದರೆ ಪಕ್ಕದ ಮನೆ ಸಿಗುತ್ತದೆ. ಹೀಗೆ ಹನ್ನೆರಡು ಸಲ ಗುಣಿಸಿದರೆ ಸರಿಯಾಗಿ ಎರಡು ಪಟ್ಟು. ಇಲ್ಲಿ ಬಿಳಿ, ಕಪ್ಪು ಎಂಬ ಭೇದ ಮಾಡಬಾರದು: ಬಿಳಿಯಿಂದ ಪಕ್ಕದ ಕಪ್ಪಿಗೆ ಒಂದು ಮನೆ, ನಡುವೆ ಕಪ್ಪಿಲ್ಲದ ಎರಡು ಬಿಳಿಗಳ ನಡುವೆಯೂ ಒಂದೇ ಮನೆ. ಬಿಳಿಗಳನ್ನಷ್ಟೇ ಎಣಿಸುವುದು ಹೊಸಬರ ಸಾಮಾನ್ಯ ತಪ್ಪು.

ಎರಡು ಕಪ್ಪು ಮನೆಗಳ ಗುಂಪು ಹುಡುಕಿ. ಅದರ ಎಡಕ್ಕೆ ಅಂಟಿಕೊಂಡ ಬಿಳಿ ಮನೆಯೇ ಸಿ, ಅಂದರೆ ‘ಒಂದು ಮನೆ ಶ್ರುತಿ’. ಅಲ್ಲಿಂದ ಬಿಳಿಗಳು 1, 2, 3, 4, 5, 6, 7 (ಪಾಶ್ಚಾತ್ಯ ಹೆಸರಿನಲ್ಲಿ ಸಿ, ಡಿ, ಇ, ಎಫ್, ಜಿ, ಎ, ಬಿ). ನಡುವಿನ ಕಪ್ಪುಗಳು 1½, 2½, 4½, 5½, 6½ (ಎಡದ ಬಿಳಿಯ ಹೆಸರಿಗೆ ‘ಶಾರ್ಪ್’ ಸೇರಿಸಿ ಕರೆಯುತ್ತಾರೆ). ಮೂರೂವರೆ ಇಲ್ಲ, ಏಳೂವರೆಯೂ ಇಲ್ಲ, ಏಕೆಂದರೆ ಅಲ್ಲಿ ಕಪ್ಪು ಮನೆಯೇ ಇಲ್ಲ. ಯಕ್ಷಗಾನದಲ್ಲೂ ಹಿಂದೂಸ್ತಾನಿಯಲ್ಲೂ ಬಿಳಿ, ಕಪ್ಪುಗಳನ್ನು ಬೇರೆಬೇರೆ ಎಣಿಸುವ ರೂಢಿ ಇದೆ. ಅಲ್ಲಿನ ‘ಕಪ್ಪು ಒಂದು’ ಇಲ್ಲಿನ ಒಂದೂವರೆ, ‘ಕಪ್ಪು ಮೂರು’ ಇಲ್ಲಿನ ನಾಲ್ಕೂವರೆ.

61 ಮನೆಯ ಸಾಮಾನ್ಯ ಕೀಬೋರ್ಡ್‌ನಲ್ಲಿ ಎಡದಿಂದ ಮೂರನೆಯ ಸಿ ನಡುವಿನದು: 261.63 ಕಂಪನ. ಅದರ ಮೇಲಿನ ಎ (ಆರು ಮನೆ) 440. ಇಡೀ ಲೆಕ್ಕವನ್ನು ಕಟ್ಟಿರುವುದು ಈ 440ರ ಮೇಲೆಯೇ. ಹಳೆಯ ಹಾರ್ಮೋನಿಯಂಗಳು ಈ ಅಳತೆಗಿಂತ ಹೆಚ್ಚುಕಡಿಮೆ ಇರುತ್ತವೆ. ಟ್ಯೂನರ್ ಹಿಡಿದು ನೋಡಿ, ಎಲ್ಲ ಮನೆಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅಥವಾ ಇಳಿದಿದ್ದರೆ ತೊಂದರೆಯಿಲ್ಲ, ತಂಬೂರ ಆ್ಯಪನ್ನು ಅದಕ್ಕೆ ಹೊಂದಿಸಿಕೊಂಡರಾಯಿತು. ಒಂದೊಂದು ಮನೆ ಒಂದೊಂದು ಥರ ಸರಿದಿದ್ದರೆ ಮಾತ್ರ ರೀಡ್ ಸರಿಮಾಡುವವರ ಬಳಿ ಒಯ್ಯಬೇಕು.

ನಿಮ್ಮ ಶ್ರುತಿ ಯಾವುದು?

ಗುರುಗಳ ಶ್ರುತಿಯನ್ನೋ ಇಷ್ಟದ ಗಾಯಕರ ಶ್ರುತಿಯನ್ನೋ ಎರವಲು ತರಬೇಡಿ. ಎದ್ದ ತಕ್ಷಣ ಪರೀಕ್ಷೆ ಮಾಡುವುದೂ ಬೇಡ, ಬೆಳಗಿನ ಗಂಟಲು ತಗ್ಗಾಗಿರುತ್ತದೆ. ಹತ್ತು ನಿಮಿಷ ಅಕಾರ (‘ಆ’ ಎಂದು) ಹಾಡಿ ಗಂಟಲು ಸಡಿಲವಾದ ಮೇಲೆ ಒಂದೊಂದೇ ಮನೆ ಕೆಳಗಿಳಿಯುತ್ತ ಹೋಗಿ. ಉಸಿರು ಬೆರೆಯದೆ, ಗೊರಗೊರ ಎನ್ನದೆ ನಾಲ್ಕು ಸೆಕೆಂಡು ನಿಲ್ಲುವ ಕೊನೆಯ ಮನೆ ಯಾವುದೋ ಅದೇ ನಿಮ್ಮ ಮಂದ್ರ ಪಂಚಮ, ಅಂದರೆ ಕೆಳಗಿನ ಸ್ಥಾಯಿಯ ಪ. ಅಲ್ಲಿಂದ ಐದು ಮನೆ ಮೇಲಕ್ಕೆ ಎಣಿಸಿದರೆ ಷಡ್ಜ. ಉದಾಹರಣೆಗೆ, ಹೆಂಗಸೊಬ್ಬರ ಗಂಟಲು ನಡುವಿನ ಸಿಗಿಂತ ಕೆಳಗಿರುವ ಡಿ ಶಾರ್ಪ್‌ವರೆಗೆ (ಸುಮಾರು 156 ಕಂಪನ) ಸ್ಪಷ್ಟವಾಗಿ ಇಳಿದರೆ, ಐದು ಮನೆ ಮೇಲಿನ ಜಿ ಶಾರ್ಪ್ (ಸುಮಾರು 208) ಅವರ ಷಡ್ಜ: ಐದೂವರೆ ಶ್ರುತಿ.

ಈಗ ತಾರಸ್ಥಾಯಿಯ (ಮೇಲಿನ ಸ್ಥಾಯಿಯ) ಪಂಚಮ ಮುಟ್ಟಿ ನೋಡಿ. ಅದು ಷಡ್ಜದಿಂದ 19 ಮನೆ ಮೇಲಿದೆ. ಕುತ್ತಿಗೆಯ ನರ ಬಿಗಿಯುತ್ತಿದ್ದರೆ ಶ್ರುತಿಯನ್ನು ಅರ್ಧ (ಒಂದು ಮನೆ) ಇಳಿಸಿ. ಮೇಲೆ ಸಲೀಸಾಗಿ ಕೆಳಗೆ ಧ್ವನಿ ಸಾಲದಿದ್ದರೆ ಅರ್ಧ ಏರಿಸಿ. ಸಾಮಾನ್ಯವಾಗಿ ಗಂಡಸರ ಶ್ರುತಿ 1ರಿಂದ 2½ರ ಆಸುಪಾಸು, ಹೆಂಗಸರದು 4ರಿಂದ 6ರ ಆಸುಪಾಸು ಬರುತ್ತದೆ. ಧ್ವನಿ ಒಡೆಯುವ ವಯಸ್ಸಿನ ಹುಡುಗರಿಗೆ ತಿಂಗಳಿಗೊಮ್ಮೆಯಾದರೂ ಹೊಸದಾಗಿ ನೋಡಬೇಕು. ಹಳೆಯ ಶ್ರುತಿಗೇ ಎಳೆದು ಹಾಡಿಸಿದರೆ ಗಂಟಲಿಗೆ ಹಾನಿ.

ಹನ್ನೆರಡು ಜಾಗ, ಹದಿನಾರು ಹೆಸರು

ಷಡ್ಜವನ್ನು 0 ಎಂದು ಇಟ್ಟುಕೊಳ್ಳಿ. ಶುದ್ಧ ರಿಷಭ 1, ಚತುಶ್ರುತಿ ರಿಷಭ 2, ಸಾಧಾರಣ ಗಾಂಧಾರ 3, ಅಂತರ ಗಾಂಧಾರ 4, ಶುದ್ಧ ಮಧ್ಯಮ 5, ಪ್ರತಿ ಮಧ್ಯಮ 6, ಪಂಚಮ 7, ಶುದ್ಧ ಧೈವತ 8, ಚತುಶ್ರುತಿ ಧೈವತ 9, ಕೈಶಿಕಿ ನಿಷಾದ 10, ಕಾಕಲಿ ನಿಷಾದ 11, ತಾರ ಷಡ್ಜ 12. ನಾಲ್ಕು ಜಾಗಗಳಿಗೆ ಎರಡೆರಡು ಹೆಸರು: 2 ಶುದ್ಧ ಗಾಂಧಾರವೂ ಹೌದು, 3 ಷಟ್‌ಶ್ರುತಿ ರಿಷಭವೂ ಹೌದು, ಮೇಲೆ 9 ಶುದ್ಧ ನಿಷಾದ, 10 ಷಟ್‌ಶ್ರುತಿ ಧೈವತ. ಮೇಳದಲ್ಲಿ ರಿ ಮತ್ತು ಗ ಎರಡೂ ಇರಲೇಬೇಕಾದ್ದರಿಂದ ಈ ಏರ್ಪಾಡು.

ಹಿಂದೂಸ್ತಾನಿ ಕಲಿತವರ ಜೊತೆ ಕೂತಾಗ ಒಂದು ಎಚ್ಚರ. ಅವರ ‘ಶುದ್ಧ ರಿಷಭ’ ನಮ್ಮ 2ನೇ ಮನೆ. ನಮ್ಮ ‘ಶುದ್ಧ ರಿಷಭ’ ಅವರಿಗೆ ಕೋಮಲ, ಅಂದರೆ ಇಳಿಸಿದ ರಿಷಭ. ಧಾರವಾಡ ಕಡೆಯವರೂ ಮೈಸೂರು ಕಡೆಯವರೂ ಸೇರಿ ಜುಗಲ್‌ಬಂದಿ ಅಭ್ಯಾಸ ಮಾಡುವಾಗ ಹೆಸರು ಬಿಟ್ಟು ಸಂಖ್ಯೆ ಹೇಳಿಕೊಳ್ಳುವುದು ವಾಸಿ.

ಮೇಳವೆಂದರೆ ಅಂತರಗಳ ಸಾಲು

ಮೊದಲ ಪಾಠವಾದ ಸರಳೆ ವರಸೆಯ ಮಾಯಾಮಾಳವಗೌಳದಿಂದಲೇ ಶುರುಮಾಡೋಣ. ಅದರ ಜಾಗಗಳು 0, 1, 4, 5, 7, 8, 11, 12. ಪಕ್ಕಪಕ್ಕದ ಸ್ವರಗಳ ನಡುವಿನ ದೂರ ಬರೆದರೆ 1, 3, 1, 2, 1, 3, 1. ನೆನಪಿಡಬೇಕಾದದ್ದು ಈ ಎರಡನೆಯ ಸಾಲನ್ನು. ಒಂದು ಮನೆ ಶ್ರುತಿಯಲ್ಲಿ ಸಿ, ಸಿ ಶಾರ್ಪ್, ಇ, ಎಫ್, ಜಿ, ಜಿ ಶಾರ್ಪ್, ಬಿ, ಸಿ ಎಂದು ಬರುತ್ತದೆ. ಒಂದೂವರೆಯಲ್ಲಿ ಸಿ ಶಾರ್ಪ್, ಡಿ, ಎಫ್, ಎಫ್ ಶಾರ್ಪ್, ಜಿ ಶಾರ್ಪ್, ಎ, ಸಿ, ಸಿ ಶಾರ್ಪ್. ಬೆರಳಿಗೆ ಬೇರೆ ಬೇರೆ ದಾರಿ, ಕಿವಿಗೆ ಅದೇ ಮೇಳ.

ಈ ಸಾಲಿನ ನಡುವೆ 2 ಇದೆ, ಅದರ ಎರಡೂ ಬದಿಯಲ್ಲಿ 1, 3, 1. ಅಂದರೆ ಸ ರಿ ಗ ಮ ಯಾವ ಆಕಾರದ್ದೋ ಪ ದ ನಿ ಸ ಕೂಡ ಅದೇ ಆಕಾರದ್ದು. ಮೊದಲ ಪಾಠಕ್ಕೆ ಇದು ಎಷ್ಟು ಒಳ್ಳೆಯ ಆಯ್ಕೆ ಎಂಬುದು ಹಾಡಿಸುವವರಿಗೆ ಗೊತ್ತು: ಕೆಳಗಿನ ಅರ್ಧ ಸರಿಹೋದರೆ ಮೇಲಿನರ್ಧ ಹೆಚ್ಚುಕಡಿಮೆ ತಾನಾಗಿ ಬರುತ್ತದೆ. ಕಷ್ಟವಿರುವುದು ಆ 3ರಲ್ಲಿ. ಪಕ್ಕದ ಹೆಜ್ಜೆ ಒಂದೇ ಮನೆಯಾಗಿ ಮುಂದಿನದು ಏಕ್‌ದಂ ಮೂರಾದಾಗ ಗಂಟಲು ಆ ದೂರವನ್ನು ಕುಗ್ಗಿಸಲು ನೋಡುತ್ತದೆ. ಆರೋಹಣದಲ್ಲಿ ರಿ ಮೇಲಕ್ಕೆ ಜಾರಿ 2ರ ಹತ್ತಿರ ಹೋಗುತ್ತದೆ, ಅವರೋಹಣದಲ್ಲಿ ಗ ಕೆಳಕ್ಕೆ ಸರಿಯುತ್ತದೆ. ಹೀಗಾದರೆ ಇಡೀ ವರಸೆ ಮತ್ತೆಮತ್ತೆ ಹಾಡಿ ಪ್ರಯೋಜನವಿಲ್ಲ. ಸ ರಿ ಸ ಎಂದು ನಿಧಾನವಾಗಿ ನಾಲ್ಕು ಸಲ, ಆಮೇಲೆ ಮ ಗ ಮ ನಾಲ್ಕು ಸಲ ಹಾಡಿ. ರಿಷಭವನ್ನು ಷಡ್ಜದಿಂದಲೂ ಗಾಂಧಾರವನ್ನು ಮಧ್ಯಮದಿಂದಲೂ ಹಿಡಿದರೆ ನಡುವಿನ ಮೂರು ಮನೆ ತನ್ನಷ್ಟಕ್ಕೆ ಸರಿಯಾಗುತ್ತದೆ.

ಮಿಕ್ಕ ಮೇಳಗಳಿಗೆ ಪಟ್ಟಿ ಹುಡುಕಬೇಕಿಲ್ಲ. ವೆಂಕಟಮಖಿ 17ನೇ ಶತಮಾನದಲ್ಲಿ ಹಾಕಿಕೊಟ್ಟ 72 ಮೇಳಗಳ ಏರ್ಪಾಡು ಪೂರ್ತಿ ಲೆಕ್ಕದ್ದೇ. ಮೇಳದ ಕ್ರಮಸಂಖ್ಯೆ 36 ದಾಟಿದ್ದರೆ ಪ್ರತಿ ಮಧ್ಯಮ (6). ಆಗ 36 ಕಳೆಯಿರಿ. ದಾಟದಿದ್ದರೆ ಶುದ್ಧ ಮಧ್ಯಮ (5). ಉಳಿದ ಸಂಖ್ಯೆಯಲ್ಲಿ 1 ಕಳೆದು 6ರಿಂದ ಭಾಗಿಸಿ. ಭಾಗಲಬ್ಧ ರಿ-ಗ ಜೋಡಿಯನ್ನು ಹೇಳುತ್ತದೆ: 0 ಬಂದರೆ 1-2, 1 ಬಂದರೆ 1-3, 2ಕ್ಕೆ 1-4, 3ಕ್ಕೆ 2-3, 4ಕ್ಕೆ 2-4, 5ಕ್ಕೆ 3-4. ಶೇಷ ದ-ನಿ ಜೋಡಿಯನ್ನು ಹೇಳುತ್ತದೆ. ಅದೇ ಜೋಡಿಗಳಿಗೆ 7 ಕೂಡಿಸಿದರಾಯಿತು.

ಖರಹರಪ್ರಿಯ 22ನೆಯದು. 21ನ್ನು 6ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 3. ರಿ-ಗ 2-3, ದ-ನಿ 9-10. ಜಾಗಗಳು 0, 2, 3, 5, 7, 9, 10, 12. ಮೇಚಕಲ್ಯಾಣಿ 65: 36 ಕಳೆದರೆ 29, 1 ಕಳೆದರೆ 28, ಭಾಗಲಬ್ಧ 4, ಶೇಷ 4, ಜಾಗಗಳು 0, 2, 4, 6, 7, 9, 11, 12. ಕ್ರಮಸಂಖ್ಯೆಯೇ ಮರೆತರೆ ಹೆಸರಿನ ಮೊದಲೆರಡು ಅಕ್ಷರ ನೋಡಿ. ಅಕ್ಷರಗಳಿಗೆ ಅಂಕಿ ಕೊಡುವ ಕಟಪಯಾದಿ ಪದ್ಧತಿಯಂತೆ ಕವರ್ಗದ ಮೊದಲಕ್ಷರದಿಂದ, ಟವರ್ಗದಿಂದ, ಪವರ್ಗದಿಂದ, ಯಕಾರದಿಂದ ಪ್ರತಿಸಲ ಒಂದರಿಂದ ಎಣಿಸಿ (ಞ, ನ ಸೊನ್ನೆ), ಬಂದ ಅಂಕಿಗಳನ್ನು ತಿರುಗಿಸಿ ಬರೆಯಬೇಕು. ಮಾಯಾ: ಮ 5, ಯ 1, ತಿರುಗಿಸಿದರೆ 15.

ಇದು ಮೇಳದ ಮಾತಾಯಿತು. ರಾಗ ಹೀಗೆ ಸಿಗುವುದಿಲ್ಲ. ತೋಡಿಯ ಗಾಂಧಾರ ಲೆಕ್ಕಕ್ಕೆ 3ನೇ ಮನೆಯಾದರೂ ಹಾಡುವಾಗ ಅದು ರಿಷಭ, ಮಧ್ಯಮಗಳ ನಡುವೆ ತೂಗುತ್ತದೆ. 3ನೇ ಮನೆಯನ್ನು ಒತ್ತಿ ಹಿಡಿದರೆ ತೋಡಿ ಕೇಳುವುದೇ ಇಲ್ಲ.

ಕಿವಿಯ ಅಂತರ, ಕೀಬೋರ್ಡ್‌ನ ಅಂತರ

ತಂಬೂರ ಹಾಕಿಕೊಂಡು ಪಂಚಮ ಹಾಡಿ. ಸ್ವರ ಕೂಡಿದಾಗ ಎರಡೂ ಧ್ವನಿ ಒಂದರಲ್ಲೊಂದು ಕರಗುತ್ತವೆ. ತಪ್ಪಿದಾಗ ನಡುವೆ ವೊಂಯ್ ವೊಂಯ್ ಎಂಬ ಅಲೆ ಏಳುತ್ತದೆ. ಕಾರಣ ಸರಳವಾದದ್ದು. ಕೂಡಿದ ಪಂಚಮದ ಕಂಪನ ಷಡ್ಜದ ಒಂದೂವರೆ ಪಟ್ಟು, ಷಡ್ಜ ಎರಡು ಸಲ ಕಂಪಿಸುವಷ್ಟರಲ್ಲಿ ಪಂಚಮ ಸರಿಯಾಗಿ ಮೂರು ಸಲ. ಮಧ್ಯಮಕ್ಕೆ ಇದು 4/3, ಅಂತರ ಗಾಂಧಾರಕ್ಕೆ 5/4. ಚೆನ್ನಾಗಿ ಜೀವಾಳಿ (ತಂತಿಯ ಕೆಳಗಿನ ದಾರ) ಕೂಡಿಸಿದ ತಂಬೂರದ ಷಡ್ಜದ ತಂತಿಯೊಳಗೇ ಈ ಗಾಂಧಾರ ತೆಳುವಾಗಿ ಕೇಳುತ್ತದೆ; ಮೂಲ ಕಂಪನದ ಐದು ಪಟ್ಟಿನ ಅನುರಣನ ಅದು.

ಕೀಬೋರ್ಡ್ ಸಮಪಾಲು ಮಾಡಿರುವುದರಿಂದ ಈ ಅನುಪಾತಗಳಿಗೆ ಸರಿಯಾಗಿ ಕೂರುವುದಿಲ್ಲ. ಒಂದು ಮನೆಯನ್ನು 100 ಸೆಂಟ್ ಎಂದು ಅಳೆಯುತ್ತಾರೆ. ಕೂಡಿದ ಪಂಚಮ 702 ಸೆಂಟ್, ಕೀಬೋರ್ಡ್‌ನದು 700. ಈ ಎರಡು ಸೆಂಟ್ ಯಾರಿಗೂ ತಟ್ಟುವುದಿಲ್ಲ. ಗಾಂಧಾರದ ಕಥೆ ಬೇರೆ: ಕೂಡಿದ್ದು 386, ಕೀಬೋರ್ಡ್‌ನದು 400. ನಡುವಿನ ಸಿಯನ್ನು ಷಡ್ಜ ಮಾಡಿದರೆ ಕೂಡಿದ ಗಾಂಧಾರ ಸುಮಾರು 327 ಕಂಪನ, ಕೀಬೋರ್ಡ್‌ನ ಇ 329.63. ತಂಬೂರದ ಜೊತೆ ಆ ಇ ಒತ್ತಿ ಹಿಡಿದರೆ ಅನುರಣನಗಳ ನಡುವೆ ಸೆಕೆಂಡಿಗೆ ಸುಮಾರು ಹತ್ತು ಅಲೆ ಏಳುತ್ತವೆ, ಅದಕ್ಕೇ ಅದು ಚುರುಕಾಗಿ, ಸ್ವಲ್ಪ ಒರಟಾಗಿ ಕೇಳುವುದು.

ಹಾಗಾಗಿ ಹಾಡಿ ಟ್ಯೂನರ್‌ನಲ್ಲಿ ನೋಡುವಾಗ ಅಂತರ ಗಾಂಧಾರಕ್ಕೆ ಮುಳ್ಳು 14 ಸೆಂಟ್ ಕಡಿಮೆ ತೋರಿಸಿದರೆ ಗಾಬರಿಯಾಗಿ ಮೇಲಕ್ಕೆ ಎಳೆಯಬೇಡಿ. ತಂಬೂರಕ್ಕೆ ಕೂಡಿದೆ ಎಂದೇ ಅದರ ಅರ್ಥ. ಟ್ಯೂನರನ್ನು ಷಡ್ಜ, ಪಂಚಮಗಳಿಗೆ ಮಾತ್ರ ನಂಬುವುದು ಒಳ್ಳೆಯದು. ಮನೆ ಎಣಿಸಲು, ಮೇಳದ ಆಕಾರ ಕಾಣಲು ಕೀಬೋರ್ಡ್. ಸ್ವರ ನಿಲ್ಲಿಸಲು ತಂಬೂರ. ಕೀಬೋರ್ಡ್ ನುಡಿಸುತ್ತಲೇ ದಿನವೂ ಹಾಡುವ ಮಕ್ಕಳ ಗಾಂಧಾರ ಏರಿ ಕೂರುತ್ತದೆ, ಆಮೇಲೆ ಇಳಿಸುವುದು ಬಲು ಕಷ್ಟ. ತಂಬೂರ ಆ್ಯಪ್‌ನಲ್ಲಿ ಪಂಚಮದ ಬದಲು ಮಧ್ಯಮ ಹಾಕುವ ಆಯ್ಕೆ ಇರುತ್ತದೆ. ಹಿಂದೋಳದಂತೆ ಪಂಚಮವಿಲ್ಲದ ರಾಗಗಳಿಗೆ ಅದನ್ನು ಬಳಸಿ.

ಕಪ್ಪು ಮನೆಗಳ ಮೇಲೆ ಐದು ರಾಗ

ಅಂತರದ ಲೆಕ್ಕ ಕೈಗೆ ಬಂದಿದೆಯೇ ಎಂದು ನೋಡಲು ಇದಕ್ಕಿಂತ ಸೊಗಸಾದ ಅಭ್ಯಾಸ ಕಡಿಮೆ. ಬಿಳಿ ಮನೆ ಮುಟ್ಟಬೇಡಿ. ಮೂರು ಕಪ್ಪುಗಳ ಗುಂಪಿನ ಮೊದಲನೆಯದನ್ನು (ನಾಲ್ಕೂವರೆ) ಷಡ್ಜ ಮಾಡಿಕೊಂಡು ಕಪ್ಪುಗಳ ಮೇಲಷ್ಟೇ ಏರಿ: ಜಾಗಗಳು 0, 2, 4, 7, 9, 12. ಅದು ಮೋಹನ. ಮನೆಗಳು ಅವೇ ಇರಲಿ, ಷಡ್ಜವನ್ನು ಮುಂದಿನ ಕಪ್ಪಿಗೆ, ಐದೂವರೆಗೆ ಸರಿಸಿ: 0, 2, 5, 7, 10, ಮಧ್ಯಮಾವತಿ. ಆರೂವರೆಯಿಂದ 0, 3, 5, 8, 10, ಹಿಂದೋಳ. ಒಂದೂವರೆಯಿಂದ 0, 2, 5, 7, 9, ಶುದ್ಧ ಸಾವೇರಿ. ಎರಡೂವರೆಯಿಂದ 0, 3, 5, 7, 10, ಶುದ್ಧ ಧನ್ಯಾಸಿ. ಹೀಗೆ ಮನೆಗಳನ್ನು ಬದಲಿಸದೆ ಷಡ್ಜವನ್ನಷ್ಟೇ ಸರಿಸುವುದೇ ಗ್ರಹಭೇದ.

ಶಂಕರಾಭರಣದಲ್ಲೂ ಹೀಗೆ ಮಾಡಬಹುದು. ಒಂದು ಮನೆ ಶ್ರುತಿಯಲ್ಲಿ ಅದು ಬರೀ ಬಿಳಿ ಮನೆಗಳು. ರಿಷಭವನ್ನು ಷಡ್ಜ ಮಾಡಿದರೆ ಖರಹರಪ್ರಿಯ, ಗಾಂಧಾರದಿಂದ ಹನುಮತೋಡಿ, ಮಧ್ಯಮದಿಂದ ಮೇಚಕಲ್ಯಾಣಿ, ಪಂಚಮದಿಂದ ಹರಿಕಾಂಬೋಜಿ, ಧೈವತದಿಂದ ನಠಭೈರವಿ. ನಿಷಾದದಿಂದ ಹೊರಟರೆ ಮೇಳ ಆಗುವುದಿಲ್ಲ. ಎಣಿಸಿ ನೋಡಿ, 7ನೇ ಜಾಗದಲ್ಲಿ ಬಿಳಿ ಮನೆ ಸಿಗುವುದಿಲ್ಲ.

ಪ್ರತಿಸಲ ಷಡ್ಜ ಸರಿಸಿದಾಗ ತಂಬೂರ ಆ್ಯಪ್‌ನ ಶ್ರುತಿಯನ್ನೂ ಅದೇ ಮನೆಗೆ ಸರಿಸಬೇಕು. ನಾಲ್ಕೂವರೆಯ ತಂಬೂರ ಹಾಗೇ ಮೊಳಗುತ್ತಿದ್ದರೆ ನೀವು ಆರೂವರೆಯಿಂದ ಎಷ್ಟು ಸಲ ಹೊರಟರೂ ಕಿವಿಗೆ ಕೇಳುವುದು ಗಾಂಧಾರದಿಂದ ಎತ್ತಿಕೊಂಡ ಮೋಹನವೇ ಹೊರತು ಹಿಂದೋಳವಲ್ಲ.