ಚಿಕ್ ಪಾಪುನ ಒಂದಿನ ತೋಟಕ್ಕೆ ಕರ್ಕೊಂಡೋಗೋದು ಹೇಗೆ? ಮೈಸೂರು, ಮಂಡ್ಯ ಕಡೆ ಅಪ್ಪ ಅಮ್ಮಂದಿರಿಗೆ

ದಸರಾ ಗಲಾಟೆ ಮುಗಿದು ದೀಪಾವಳಿನೂ ಕಳೆದ ಮೇಲೆ ನಮ್ ಕಡೆ ಒಂದ್ ಐದಾರು ವಾರ ಭಾರಿ ಚೆನ್ನಾಗಿರುತ್ತೆ ಕಣ್ರೀ. ಸ್ವಾತಿ ಮಳೆ ಹೊಡ್ಕೊಂಡ್ ಹೋಗಿರುತ್ತೆ, ಬೆಳಗ್ಗೆ ಸ್ವಲ್ಪ ಚಳಿ, ರಾಗಿ ತೆನೆ ಬಲಿತಿರುತ್ತೆ, ನಾಲೆ ಬಯಲಲ್ಲಿ ಭತ್ತ ಹಸಿರಿಂದ ಹಳದಿಗೆ ತಿರುಗ್ತಾ ಇರುತ್ತೆ. ಒಂದೂವರೆಯಿಂದ ಮೂರು ವರ್ಷದೊಳಗಿನ ಮಗು ಇರೋರು ತೋಟಕ್ಕೆ ಹೋಗೋಕೆ ಇದೇ ಟೈಮು. ಅಕ್ಟೋಬರ್‌ನಲ್ಲೇ ಹೊರಟ್ರೆ ಮಧ್ಯಾಹ್ನದ ಮೇಲೆ ಮಳೆ ಗ್ಯಾರಂಟಿ ಅಂತ್ಲೇ ಇಟ್ಕೊಳ್ಳಿ. ದಸರಾ ವಾರದಲ್ಲಂತೂ ಮೈಸೂರಿಂದ ಆಚೆ ಬರೋದೇ ಒಂದು ಸಾಹಸ.

ಎಲ್ಲಿಗೆ ಹೋಗೋದು? ನನ್ ಕೇಳಿದ್ರೆ ನೆಂಟರದ್ದೋ ಆಫೀಸಿನವರ ಊರಿನದ್ದೋ ತೋಟನೇ ಬೆಸ್ಟು. ದುಡ್ಡು ಕೊಟ್ಟು ಹೋಗೋ ಫಾರ್ಮ್‌ಸ್ಟೇಗಳೂ ಬೇಕಾದಷ್ಟಿವೆ, ಆದ್ರೆ ಸ್ವಿಮ್ಮಿಂಗ್ ಪೂಲು, ರೇನ್ ಡ್ಯಾನ್ಸು, ಜೋರು ಹಾಡು ಇವೆಲ್ಲ ಎರಡು ವರ್ಷದ ಪಾಪುಗೆ ಯಾಕ್ ಬೇಕು ಹೇಳಿ. ಒಂದು ಹಸು, ನಾಕು ಕೋಳಿ, ಒಂದಿಷ್ಟು ಮಣ್ಣು, ಮಲಗೋಕೆ ಒಂದು ಜಗಲಿ ಇದ್ರೆ ಸಾಕು. ಮುಂಚೆನೇ ಫೋನ್ ಮಾಡಿ ಕೆಲವು ಪ್ರಶ್ನೆ ಕೇಳ್ಬಿಡಿ, ಸಂಕೋಚ ಬೇಡ. ಕೃಷಿ ಹೊಂಡ, ಬಾವಿ ಇದೆಯಾ, ಸುತ್ತ ಬೇಲಿ ಇದೆಯಾ? ನಾಯಿ ಕಟ್ಟಾಕಿರ್ತೀರಾ, ಇಂಜೆಕ್ಷನ್ ಆಗಿದೆಯಾ? ಈ ವಾರ ಗದ್ದೆಗೆ ಔಷಧಿ ಹೊಡ್ದಿದೀರಾ? ಹೊಡ್ದಿದೀವಿ ಅಂದ್ರೆ ಇನ್ನೊಂದ್ ವಾರ ಬಿಟ್ಟು ಬರ್ತೀವಿ ಅನ್ನಿ, ಮಗು ಎಲೆ ಮುಟ್ಟಿ ಅದೇ ಕೈ ಬಾಯಿಗೆ ಹಾಕ್ಕೊಳುತ್ತೆ.

ಇನ್ನು ಪ್ಲಾನ್ ವಿಷಯ, ಇದನ್ನೇ ನಾನು ಎಲ್ರಿಗೂ ಹೇಳೋದು: ಕತ್ತಲಾಗೋ ತನಕ ಬೇಡ, ಒಂದೇ ಜಾಗ ಸಾಕು. ಹೆಂಗೂ ಆ ಕಡೆ ಹೋಗ್ತಿದೀವಿ, ರಂಗನತಿಟ್ಟು ನೋಡ್ಕೊಂಡು, ನಿಮಿಷಾಂಬ ದರ್ಶನ ಮಾಡ್ಕೊಂಡು, ಸಂಜೆ ಕೆಆರ್‌ಎಸ್ ಕಾರಂಜಿ ಮುಗಿಸ್ಕೊಂಡ್ ಬರೋಣ ಅಂತ ಮನೇಲಿ ಯಾರಾದ್ರೂ ಶುರು ಮಾಡೇ ಮಾಡ್ತಾರೆ, ಸಾಮಾನ್ಯವಾಗಿ ಅದು ಮಾವ ಆಗಿರ್ತಾರೆ, ನಗ್ತಾ ನಗ್ತಾನೇ ಬೇಡ ಅಂದ್ಬಿಡಿ. ಪಾಪು ನಿದ್ದೆ ಟೈಮ್ ಏನಿದೆಯೋ ಅದರ ಸುತ್ತ ದಿನ ಕಟ್ಕೊಳ್ಳಿ. ಬೆಳಗ್ಗೆ ಏಳಕ್ಕೆ ಹೊರಟು ಎಂಟು ಎಂಟೂವರೆಗೆ ತೋಟ ಸೇರಿದ್ರೆ ಬಿಸಿಲು ಏರೋ ಮುಂಚೆ ಮೂರು ಗಂಟೆ ಓಡಾಟ ಸಿಗುತ್ತೆ, ಆಮೇಲೆ ಊಟ, ಜಗಲಿ ಮೇಲೆ ಒಂದು ನಿದ್ದೆ, ಎದ್ದ ಮೇಲೆ ಇನ್ನೊಂದು ರೌಂಡು, ಮೂರೂವರೆ ನಾಲ್ಕಕ್ಕೆ ವಾಪಸ್ಸು.

ದಾರೀಲಿ ಒಂದು ಎಚ್ಚರ. ಹಳ್ಳಿ ರಸ್ತೆಗಳಲ್ಲಿ ಈ ಸೀಸನ್‌ನಲ್ಲಿ ರಾಗಿ, ಹುರುಳಿ ರಸ್ತೆ ಮೇಲೇ ಹರಡಿರ್ತಾರೆ, ಗಾಡಿ ಓಡಾಡ್ಲಿ ಕಾಳು ಉದುರ್ಲಿ ಅಂತ. ಅದರ ಮೇಲೆ ಕಾರ್ ಓಡಿಸಿದ್ರೆ ಹುರುಳಿ ಬಳ್ಳಿ ಕೆಳಗಡೆ ಸುತ್ಕೊಂಡು ಸೈಲೆನ್ಸರ್ ಬಿಸಿಗೆ ಹೊತ್ಕೊಳುತ್ತೆ, ಹಂಗೆ ಕಾರು ಸುಟ್ಟೋಗಿರೋದೂ ಉಂಟು. ಪಕ್ಕದಲ್ಲಿ ಜಾಗ ಇದ್ರೆ ತಪ್ಪಿಸ್ಕೊಂಡು ಹೋಗಿ, ಇಲ್ಲಾಂದ್ರೆ ಸ್ವಲ್ಪ ಸರಿಸಿ ಅಣ್ಣಾ ಅಂತ ಕೇಳಿ. ದಾಟಿದ್ ಮೇಲೆ ಇಳಿದು ಒಂದ್ಸಲ ಕೆಳಗೆ ಬಗ್ಗಿ ನೋಡಿ. ಆಮೇಲೆ ನಾಲೆ ಏರಿ ಮೇಲಿನ ರಸ್ತೆ, ಎಷ್ಟೋ ಕಡೆ ತಡೆಗೋಡೆ ಇರಲ್ಲ, ಗೂಗಲ್ ಮ್ಯಾಪು ಶಾರ್ಟ್‌ಕಟ್ ಅಂತ ಅಲ್ಲಿಗೇ ಕಳಿಸುತ್ತೆ. ಊರೊಳಗಿನ ದಾರಿ ಕೇಳ್ಕೊಂಡ್ ಹೋಗಿ.

ಬ್ಯಾಗಲ್ಲಿ ಏನಿರ್ಬೇಕು ಅಂದ್ರೆ ಎರಡು ಜೊತೆ ಹಳೇ ಬಟ್ಟೆ, ತುಂಬು ತೋಳಿನದ್ದು, ಯಾಕಂದ್ರೆ ಡೆಂಗ್ಯೂ ಸೊಳ್ಳೆ ಕಚ್ಚೋದು ಹಗಲಲ್ಲಿ. ಚಪ್ಪಲಿ ಅಲ್ಲ, ಕಾಲು ಮುಚ್ಚೋ ಶೂ. ಟೋಪಿ, ಸೋಪು, ಕಾಯಿಸಿ ಆರಿಸಿದ ನೀರು, ಹಳೇ ಪಂಚೆ ಒಂದು (ಹಾಸೋಕೆ, ಹೊದಿಸೋಕೆ, ಮರೆ ಮಾಡೋಕೆ, ಕಟ್ಕೊಳ್ಳೋಕೆ, ಎಲ್ಲದಕ್ಕೂ ಬರುತ್ತೆ). ಡೈಪರ್ ಹಾಕೋರಾದ್ರೆ ಬಳಸಿದ್ದನ್ನ ಕವರ್‌ಗೆ ಹಾಕಿ ಮನೆಗೇ ತರ್ಬೇಕು, ತಿಪ್ಪೆಗೆ ಎಸೆದ್ರೆ ಹಸು ತಿನ್ನುತ್ತೆ. ಆಟದ ಸಾಮಾನು ಬೇಡ್ವೇ ಬೇಡ.

ತೋಟಕ್ಕೆ ಇಳಿದ ಮೇಲೆ ಮಗು ಹೋದ ಕಡೆ ನೀವು ಹೋಗಿ. ನಿಮಗೆ ಭತ್ತದ ಗದ್ದೆ ಮುಂದೆ ಫೋಟೋ ಬೇಕು, ಅದಕ್ಕೆ ಇರುವೆ ಸಾಲು ಬೇಕು, ಅಲ್ಲೇ ಇಪ್ಪತ್ ನಿಮಿಷ ಕೂತ್ರೂ ಕೂರ್ಲಿ ಬಿಡಿ, ಆದ್ರೆ ಕೆಂಪಿರುವೆ ಅಲ್ಲ ಅಂತ ನೋಡ್ಕೊಳ್ಳಿ. ಹಸು ಹತ್ರ ಹೋಗೋವಾಗ ಎತ್ಕೊಂಡು, ಮುಂದಿನಿಂದ, ಅದಕ್ಕೆ ನೀವು ಕಾಣೋ ಹಾಗೆ ಹೋಗಿ, ಹಿಂದೆ ಹೋದ್ರೆ ಒದೆಯುತ್ತೆ. ಹೊಸದಾಗಿ ಕರು ಹಾಕಿರೋ ಹಸು, ಮರಿ ಇರೋ ಕೋಳಿ ಎರಡನ್ನೂ ದೂರದಿಂದ್ಲೇ ತೋರ್ಸಿ. ಬನ್ನೂರು ಕಡೆ ಆದ್ರೆ ಕುರಿ ಮರಿಗಳಿರ್ತವೆ, ಬನ್ನೂರು ಕುರಿ ಕುಳ್ಳಗೆ, ದುಂಡಗೆ, ಮಗು ಮಟ್ಟಕ್ಕೇ ಬರುತ್ತೆ, ಮುಟ್ಟಿಸೋಕೆ ಅದೇ ಸರಿ. ಪ್ರಾಣಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀಲೇಬೇಕು, ಸ್ಯಾನಿಟೈಸರ್ ಸಾಲಲ್ಲ. ನಾಯಿ ಪರಚಿದ್ರೂ ಕಚ್ಚಿದ್ರೂ, ಗಾಯ ಸಣ್ಣದೇ ಆಗಿರ್ಲಿ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ತೀನಿ ಅಂತ ಅಜ್ಜಿ ಬಂದ್ರೆ ಕೈ ಮುಗಿದು ಬೇಡ ಅನ್ನಿ.

ನಿಜವಾದ ಭಯ ಇರೋದು ನೀರಿಂದು. ಕೃಷಿ ಹೊಂಡಕ್ಕೆ ಹಾಸಿರೋ ಕಪ್ಪು ಪ್ಲಾಸ್ಟಿಕ್ ಶೀಟು ಪಾಚಿ ಕಟ್ಟಿ ಜಾರುತ್ತೆ, ದೊಡ್ಡೋರು ಬಿದ್ರೂ ಹತ್ತಿ ಬರೋಕಾಗಲ್ಲ. ಪಂಪ್‌ಸೆಟ್ ತೊಟ್ಟಿ, ಗದ್ದೆ ಕಾಲುವೆ, ಹಿತ್ಲಲ್ಲಿ ತುಂಬಿಟ್ಟಿರೋ ಬಕೆಟ್ಟು, ಎರಡು ವರ್ಷದ ಮಗುಗೆ ಇವೆಲ್ಲ ಒಂದೇ. ಗುಂಪಲ್ಲಿ ಹೋದಾಗ ಆಗೋದೇನು ಅಂದ್ರೆ ಪಾಪು ಅವರ ಹತ್ರ ಇದೆ ಅಂತ ಇವರು, ಇವರ ಹತ್ರ ಇದೆ ಅಂತ ಅವರು. ಅದಕ್ಕೆ ಅರ್ಧ ಅರ್ಧ ಗಂಟೆ ಪಾಳಿ ಮಾಡ್ಕೊಳ್ಳಿ, ಈಗ ನಿಂದು, ಆಮೇಲೆ ನಂದು ಅಂತ ಬಾಯ್ಬಿಟ್ಟು ಹೇಳಿ. ಪಾಳಿ ಇರೋರ ಕೈಲಿ ಮೊಬೈಲ್ ಇರಬಾರ್ದು. ಮತ್ತೆ ತಂತಿ ಬೇಲಿ ಯಾವುದನ್ನೂ ಮುಟ್ಟಬೇಡಿ, ಹಂದಿ ಕಾಟಕ್ಕೆ ಕರೆಂಟ್ ಕೊಟ್ಟಿರ್ತಾರೆ.

ಹತ್ರದಲ್ಲಿ ಆಲೆಮನೆ ಇದ್ರೆ ಬಿಡಬೇಡಿ, ಮಂಡ್ಯ ಕಡೆ ಅಂತೂ ಹೊಗೆ ನೋಡ್ಕೊಂಡೇ ಹೋಗ್ಬಹುದು. ಗಾಣಕ್ಕೆ ಕಬ್ಬು ಕೊಡೋದು, ಹಾಲು ಹರಿದು ಬರೋದು, ಒಣಗಿದ ಸಿಪ್ಪೆನೇ ಒಲೆಗೆ ಹಾಕಿ ದೊಡ್ಡ ಕೊಪ್ಪರಿಗೇಲಿ ಕುದಿಸೋದು, ಸುಣ್ಣ ಹಾಕಿ ಮೇಲೆ ಬರೋ ಕೊಳೆ ತೆಗೆಯೋದು, ಪಾಕ ಬಂದ ಮೇಲೆ ಅಚ್ಚಿಗೆ ಹುಯ್ಯೋದು. ಒಂದು ಟನ್ ಕಬ್ಬಿಗೆ ಹೆಚ್ಚುಕಮ್ಮಿ 100 ಕೆಜಿ ಬೆಲ್ಲ. ದೊಡ್ಡೋರಿಗೂ ಇದು ಬೇಜಾರಾಗಲ್ಲ. ಆದ್ರೆ ಇಲ್ಲಿ ಮಗುನ ಒಂದ್ ಕ್ಷಣನೂ ಕೆಳಗೆ ಬಿಡೋ ಹಾಗಿಲ್ಲ. ಕೊಪ್ಪರಿಗೆ ನೆಲಮಟ್ಟದಲ್ಲೇ ಇರುತ್ತೆ, ಪಾಕ ನೂರು ಡಿಗ್ರಿಗಿಂತ ಮೇಲೆ ಕಾದಿರುತ್ತೆ, ಮೈಗೆ ಬಿದ್ರೆ ಅಂಟ್ಕೊಂಡು ಸುಡುತ್ತೆ, ಗಾಣದ ಬೆಲ್ಟಿಗೆ ಎಷ್ಟೋ ಕಡೆ ಮರೆನೇ ಇರಲ್ಲ. ಸೊಂಟದ ಮೇಲೆ ಎತ್ಕೊಂಡು ಬಾಗಿಲ ಹತ್ರ ನಿಂತು ಹತ್ತು ನಿಮಿಷ ತೋರ್ಸಿ, ಸಾಕು. ಬೆಲ್ಲ ತಗೊಳ್ಳೋದಾದ್ರೆ ಕಂದು ಬಣ್ಣದ್ದು ಕೇಳಿ, ಫಳಫಳ ಹಳದಿ ಇರೋದಕ್ಕೆ ಬಣ್ಣ ಬರ್ಲಿ ಅಂತ ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕಿರೋ ಚಾನ್ಸ್ ಜಾಸ್ತಿ.

ತಿನ್ನಿಸೋ ವಿಷಯದಲ್ಲಿ ಹಳ್ಳಿಯವರ ಪ್ರೀತಿ ತಡೆಯೋದು ಕಷ್ಟ. "ಒಂದ್ ತುಂಡು ಕಬ್ಬು ಕೊಡಮ್ಮ, ಏನಾಯ್ತದೆ" ಅಂತಾರೆ. ಕಬ್ಬಿನ ತುಂಡು, ಹಸಿ ಕಡಲೆಕಾಯಿ ಬೀಜ, ಕೊಬ್ರಿ ಚೂರು ಇವೆಲ್ಲ ಗಂಟಲಲ್ಲಿ ಸಿಕ್ಕಾಕ್ಕೊಳ್ಳೋ ಪದಾರ್ಥ, ಆರತಿ ತಗೊಂಡ ಹಾಗೆ ನೀವು ತಗೊಂಡು ಕಣ್ಣಿಗೊತ್ಕೊಂಡು ನೀವೇ ತಿನ್ನಿ. ಕರೆದ ಹಾಲು ಕಾಯಿಸ್ದೇ ಕುಡಿಸ್ಬೇಡಿ. ಒಂದು ವರ್ಷ ತುಂಬದಿರೋ ಮಗು ಜೊತೇಲಿದ್ರೆ ಜೇನು ನಾಲಿಗೆಗೂ ಸವರಬಾರ್ದು. ಎಳನೀರು, ಬಾಳೆಹಣ್ಣು, ಸೀಬೆ ಬೀಜ ತೆಗೆದು, ಇವಕ್ಕೆ ತೊಂದ್ರೆ ಇಲ್ಲ. ಊಟಕ್ಕೆ ಮನೆಯಿಂದ ಮೊಸರನ್ನ ತಗೊಂಡೋಗಿ. ಅವರ ಮನೆ ಮುದ್ದೆ ಬಸ್ಸಾರು ನಿಮಗೆ, ಖಾರ ಹಾಕೋ ಮುಂಚೆ ಬೇಳೆಕಟ್ಟು ಒಂದ್ ಲೋಟ ತೆಗೆದಿಡಿ ಅಕ್ಕ ಅಂದ್ರೆ ಅದರಲ್ಲೇ ಮುದ್ದೆ ಕಲಸಿ ಪಾಪುಗೂ ಆಗುತ್ತೆ.

ಹುಲ್ಲಿನ ಮೆದೆ, ಸೌದೆ ರಾಶಿಗೆ ಮಗು ಕೈ ಹಾಕದ ಹಾಗೆ ನೋಡ್ಕೊಳ್ಳಿ. ಕಟಾವು ಟೈಮಲ್ಲಿ ಇಲಿ ಜಾಸ್ತಿ, ಇಲಿ ಹಿಂದೆ ಹಾವು, ಕೊಳಕುಮಂಡಲ ಗದ್ದೆ ಬಯಲಲ್ಲಿ ಇರೋದೇ. ಕಚ್ಚಿದ್ರೆ ಕಟ್ಟು ಕಟ್ಟೋದು, ಕುಯ್ಯೋದು, ನಾಟಿ ಔಷಧಿ ಏನೂ ಬೇಡ, ಅಲುಗಾಡದ ಹಾಗೆ ಎತ್ಕೊಂಡು ಸೀದಾ ದೊಡ್ಡಾಸ್ಪತ್ರೆಗೆ. ನಾಲ್ಕಕ್ಕೇ ಹೊರಡಿ ಅಂದಿದ್ದಕ್ಕೂ ಕಾರಣ ಇದೆ: ನಮ್ ಕಡೆ ಕಬ್ಬಿನ ಗದ್ದೇಲಿ ಚಿರತೆ ಮರಿ ಹಾಕೋದು ಹೊಸ ವಿಷಯ ಅಲ್ಲ, ಕತ್ತಲಾಗೋ ಹೊತ್ತಿಗೆ ಚಿಕ್ ಮಕ್ಕಳು ಕಬ್ಬಿನ ಪಕ್ಕ ಇರಬಾರ್ದು.

ಹೋಗೋವಾಗ ಬರಿಗೈಲಿ ಹೋಗ್ಬೇಡಿ, ಹಣ್ಣೋ ಸ್ವೀಟೋ ತಗೊಂಡೋಗಿ. ಈಗ ಅವರಿಗೂ ಕುಯ್ಲು ಟೈಮು, ಆಳು ಸಿಗೋದೇ ಕಷ್ಟ, ನಿಮ್ಮ ಹಿಂದೆ ಓಡಾಡ್ಲಿ ಅಂತ ಕಾಯ್ಬೇಡಿ. ತರಕಾರಿ ತುಂಬಿಸಿ ಕೊಟ್ರೆ ದುಡ್ಡು ತಗೊಳಲ್ಲ ಅಂತಾರೆ, ಆ ಮನೆ ಮಕ್ಕಳ ಕೈಗಿಟ್ಟು ಬನ್ನಿ.

ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ. ಕಿವಿ ಹಿಂದೆ, ಕಂಕುಳು, ತೊಡೆ ಸಂದಿ, ತಲೆಗೂದಲೊಳಗೆ ಉಣ್ಣೆ ಹುಳ ಕಚ್ಕೊಂಡಿದೆಯಾ ನೋಡಿ, ಇದ್ರೆ ಎಣ್ಣೆ ಬೆಂಕಿ ಎಲ್ಲ ಬೇಡ, ಚಿಮಟದಲ್ಲಿ ಚರ್ಮದ ಹತ್ರಕ್ಕೇ ಹಿಡ್ಕೊಂಡು ನಿಧಾನಕ್ಕೆ ನೇರ ಎಳೀರಿ. ಆಮೇಲೆ ಒಂದೆರಡು ವಾರದಲ್ಲಿ ಜ್ವರ ಬಂದ್ರೆ ತೋಟಕ್ಕೆ ಹೋಗಿದ್ದು ಡಾಕ್ಟ್ರಿಗೆ ಹೇಳಿ. ಬಟ್ಟೆಗೆ ಹತ್ತಿರೋ ಕೆಸರು ತಣ್ಣೀರಲ್ಲಿ ನೆನೆಹಾಕಿದ್ರೆ ಹೋಗುತ್ತೆ. ಬಾಳೆ ಕಲೆ ಮಾತ್ರ ಏನ್ ಮಾಡಿದ್ರೂ ಹೋಗಲ್ಲ, ಅದನ್ನ ತೋಟದ ಬಟ್ಟೆ ಅಂತ ಬೇರೆ ಎತ್ತಿಡಿ.