ಮಾತಾಡು ಅನ್ನಬೇಡಿ, ಕಾರ್ಡು ಹರಡಿ

ಟೋಕಿಯೋದ ನಿಶಿ-ಕಸಾಯಿಯಂಥ ಕಡೆ ನೆಲೆಸಿರುವ ನಮ್ಮವರನ್ನು ಅಕ್ಕಪಕ್ಕದ ಜಪಾನಿ ತಾಯಂದಿರು, ‘ನಮ್ಮ ಮಗುವಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡ್ತೀರಾ?’ ಎಂದು ಕೇಳುವುದುಂಟು. ಆಸೆ ತಾಯಿಯದು, ಮಗುವಿನದಲ್ಲ. 2020ರಿಂದ ಅಲ್ಲಿನ ಐದು, ಆರನೇ ತರಗತಿಗಳಲ್ಲಿ ಇಂಗ್ಲಿಷ್ ಅಂಕಪಟ್ಟಿಗೆ ಸೇರುವ ವಿಷಯ, ವರ್ಷಕ್ಕೆ 70 ಪೀರಿಯಡ್. ಮೂರು, ನಾಲ್ಕನೇ ತರಗತಿಯಲ್ಲಿ 35 ಪೀರಿಯಡ್ ಬರೀ ಪರಿಚಯ. ಮಗು ಬಾಯಿ ಬಿಡದಿದ್ದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. ನಾಲ್ಕು ಜನರೆದುರು ತಪ್ಪು ಹೇಳಿ ಎದ್ದು ಕಾಣುವ ಭಯ ಅದು. ಆ ಭಯ ಹೋಗುವ ತನಕ ವ್ಯಾಕರಣದ ಪುಸ್ತಕ ಬಿಚ್ಚಿ ಪ್ರಯೋಜನವಿಲ್ಲ.

ಮೊದಲು, ಒಂದೇ ಮಗುವನ್ನು ಕೂರಿಸಿಕೊಳ್ಳಬೇಡಿ. ಎಂಟೊಂಬತ್ತು ವರ್ಷದ ಮೂವರಿರಲಿ, ಮುಕ್ಕಾಲು ಗಂಟೆ ಸಾಕು. ದುಡ್ಡು ತೆಗೆದುಕೊಳ್ಳುವುದಾದರೆ, ಡಿಪೆಂಡೆಂಟ್ ವೀಸಾದಲ್ಲಿರುವವರು ವಲಸೆ ಕಚೇರಿಯ ಅನುಮತಿ ಪಡೆದೇ ಶುರುಮಾಡಬೇಕು.

ಮೊದಲ ಕೆಲವು ವಾರ ಮಕ್ಕಳಿಂದ ಒಂದು ಮಾತನ್ನೂ ನಿರೀಕ್ಷಿಸದೆ ಕರುತ ಆಡಿಸಿ. ಇದು ಜಪಾನಿನಲ್ಲಿ ಹೊಸ ವರ್ಷಕ್ಕೆ ಮನೆಮನೆಯಲ್ಲೂ ಆಡುತ್ತಾ ಬಂದ ಕಾರ್ಡಿನಾಟ. ಒಬ್ಬರು ಓದುತ್ತಾರೆ, ಉಳಿದವರು ನೆಲದ ಮೇಲೆ ಹರಡಿದ ಕಾರ್ಡುಗಳಲ್ಲಿ ಸರಿಯಾದದ್ದನ್ನು ಪಟ್ಟನೆ ಬಡಿದು ಎತ್ತಿಕೊಳ್ಳುತ್ತಾರೆ. ಸೂಪರ್ ಮಾರ್ಕೆಟ್‌ನ ಜಾಹೀರಾತು ಹಾಳೆಯಿಂದ ಹಣ್ಣು, ಮೀನು, ಮೊಟ್ಟೆಯ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಕಾರ್ಡು ಸಿದ್ಧ. ಅಕ್ಷರ ಬರೆಯಬೇಡಿ. ‘ಇಟ್ಸ್ ಯೆಲ್ಲೋ. ಇಟ್ಸ್ ಲಾಂಗ್. ಮಂಕೀಸ್ ಲೈಕ್ ಇಟ್’ ಎಂದು ಸುಳಿವು ಕೊಡುತ್ತಾ ಹೋಗಿ, ಹೆಸರನ್ನು ಕೊನೆಗಿಡಿ. ಎರಡನೇ ಸುಳಿವಿಗೇ ಮೂರು ಕೈ ಬಾಳೆಹಣ್ಣಿನ ಮೇಲೆ ಬಿದ್ದಿರುತ್ತವೆ! ಬಾಯಿಗೆ ರಜೆ, ಕಿವಿಗೆ ಕೆಲಸ.

ಆಟ ಪಳಗಿದ ಮೇಲೆ ಓದುವ ಕೆಲಸವನ್ನು, ಅಂದರೆ ಸುಳಿವು ಹೇಳುವುದನ್ನು, ಮಕ್ಕಳಿಗೆ ಸರದಿಯಂತೆ ಬಿಟ್ಟುಕೊಡಿ. ಕರುತದಲ್ಲಿ ಓದುವವರ ಮುಖವನ್ನು ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣೂ ನೆಲದ ಮೇಲೆ. ನಾಚುವ ಮಗುವಿಗೆ ಇದಕ್ಕಿಂತ ಒಳ್ಳೆಯ ವೇದಿಕೆ ನನಗಂತೂ ಕಂಡಿಲ್ಲ.

ಆಮೇಲೆ ಫುಕುವರಾಯಿ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡವರು ಖಾಲಿ ಮುಖದ ಚಿತ್ರದ ಮೇಲೆ ಕಾಗದದ ಕಣ್ಣು, ಮೂಗು, ಬಾಯಿ ಇಡಬೇಕು. ಉಳಿದವರು ‘ಅಪ್, ಲೆಫ್ಟ್, ಸ್ಟಾಪ್’ ಎನ್ನುತ್ತಾ ದಾರಿ ತೋರಿಸಬೇಕು. ಮೂಗು ಕಿವಿಯ ಕಡೆ ಹೊರಟರೆ ಅದುವರೆಗೆ ಸುಮ್ಮನಿದ್ದ ಮಗುವೂ ‘ನೋ, ನೋ, ರೈಟ್!’ ಎಂದು ಕೂಗಿಬಿಡುತ್ತದೆ. ಆಗ ಉಚ್ಚಾರಣೆ ತಿದ್ದಲು ಹೋಗಬೇಡಿ.

ತಿದ್ದುವುದಕ್ಕೆ ಬೇರೆ ಹೊತ್ತಿದೆ. ಜಪಾನಿ ಮಾತಿನಲ್ಲಿ ಹೆಚ್ಚುಕಡಿಮೆ ಪ್ರತಿ ಉಚ್ಚಾರವೂ ಸ್ವರದಲ್ಲೇ ಮುಗಿಯುವುದರಿಂದ ಮಿಲ್ಕ್ ಎನ್ನುವುದು ‘ಮಿರುಕು’ ಆಗುತ್ತದೆ. ಬಸ್ಸು, ಕಾರು ಎನ್ನುವ ನಮಗೆ ಇದು ಚೆನ್ನಾಗಿಯೇ ಅರ್ಥವಾಗಬೇಕು. ತಪ್ಪು ಎನ್ನದೆ ಚಪ್ಪಾಳೆ ತಟ್ಟಿಸಿ: ಮಿರುಕುಗೆ ಮೂರು, ಮಿಲ್ಕ್‌ಗೆ ಒಂದೇ. ವ್ಯತ್ಯಾಸ ಕೈಗೆ ಸಿಕ್ಕರೆ ನಾಲಿಗೆಗೂ ನಿಧಾನವಾಗಿ ಸಿಗುತ್ತದೆ. ರ, ಲ ಗೊಂದಲವನ್ನು ಮೊದಲ ವರ್ಷ ಮುಟ್ಟಲೇಬೇಡಿ.

ಓದಿಸುವಾಗ ಒಂದು ತೊಡಕು ಎದುರಾಗುತ್ತದೆ. ಮೂರನೇ ತರಗತಿಯಲ್ಲಿ ಮಕ್ಕಳು ರೋಮಾಜಿ, ಅಂದರೆ ಜಪಾನಿ ಭಾಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ಕಲಿತಿರುತ್ತಾರೆ. ಹಾಗಾಗಿ ನೇಮ್ ಎಂಬುದನ್ನು ‘ನಮೆ’ ಎಂದೂ ಟೇಕ್ ಎಂಬುದನ್ನು ‘ತಕೆ’ ಎಂದೂ ಓದುತ್ತಾರೆ. ಅವರು ಕಲಿತ ನಿಯಮದ ಪ್ರಕಾರ ಅದು ಸರಿಯೇ. ಕ್ಯಾಟ್, ಪೆನ್, ಸನ್‌ನಂಥ ಮೂರಕ್ಷರದ ಪದಗಳಲ್ಲೇ ಸಾಕಷ್ಟು ದಿನ ನಿಲ್ಲಿ.

ಬರೆದದ್ದನ್ನು ನೋಡುವಾಗ ನಮ್ಮೂರಿನ ರೈಟ್ ಮಾರ್ಕ್ ಮರೆತುಬಿಡಿ. ಜಪಾನಿನ ಶಾಲೆಗಳಲ್ಲಿ ಸರಿಯುತ್ತರಕ್ಕೆ ಸೊನ್ನೆಯಂಥ ವೃತ್ತ ಹಾಕುತ್ತಾರೆ, ನಮ್ಮ ರೈಟ್ ಗುರುತು ಸಾಮಾನ್ಯವಾಗಿ ತಪ್ಪಿಗೆ. ಹಾಳೆ ತುಂಬ ನೀವು ಪ್ರೀತಿಯಿಂದ ರೈಟ್ ಹಾಕಿದರೆ ಮಗು ಅಳುವುದೊಂದು ಬಾಕಿ. ಕೆಂಪು ಪೆನ್ನಿನಲ್ಲಿ ಸುರುಳಿ ಸುತ್ತಿ ಸುತ್ತಲೂ ಎಸಳು ಬರೆಯಿರಿ. ಅದೇ ಹನಮಾರು, ಅಲ್ಲಿನ ಟೀಚರುಗಳು ಕೊಡುವ ದೊಡ್ಡ ಶಹಭಾಸ್.

ತಾಯಂದಿರು ಬೇಗನೆ ಐಕೆನ್, ಅಂದರೆ ಜಪಾನಿನ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯ ಮಾತೆತ್ತುತ್ತಾರೆ. ಸುಲಭದ ಐದನೇ ದರ್ಜೆಯೇ ಆಗಲಿ, ಮೊದಲ ವರ್ಷ ಬೇಡವೆಂದು ವಿನಯದಿಂದ ಹೇಳಿ. ಕರೆದೊಯ್ಯಲು ಬಂದವರು ಬಾಗಿಲಲ್ಲೇ ‘ಇವತ್ತೇನು ಕಲಿತೆ, ಹೇಳು ನೋಡೋಣ’ ಎಂದು ಕೇಳದಂತೆಯೂ ಕೋರಿಕೊಳ್ಳಿ. ಬದಲಿಗೆ ಕಾರ್ಡಿನ ಕಟ್ಟನ್ನು ಕೊಟ್ಟು ಕಳಿಸಿ. ಮನೆಯಲ್ಲಿ ಮಗು ಓದಲಿ, ಅಮ್ಮ ಕಾರ್ಡು ಹುಡುಕಲಿ.