ಸಂಕಷ್ಟದಲ್ಲಿರುವ ಮಕ್ಕಳಿಗೆ ಕ್ರೈಸ್ತರು ನೆರವಾಗುವ ಬಗೆ

ಯುದ್ಧ, ಭೂಕಂಪ, ಬರಗಾಲಗಳ ಸುದ್ದಿ ಬಂದಾಗ ಮೊದಲು ಮನಸ್ಸನ್ನು ತಟ್ಟುವುದು ಮಕ್ಕಳ ಮುಖ. ಅದನ್ನು ಕಂಡ ಚರ್ಚಿನ ಸಭೆಯಲ್ಲಿ ಮೊದಲು ಏಳುವ ಮಾತು, ಆ ಮಕ್ಕಳಿಗಾಗಿ ಒಂದು ಅನಾಥಾಶ್ರಮ ಕಟ್ಟೋಣ ಎಂಬುದು. ಕನಿಕರ ಸಹಜವೇ. ಆದರೆ ನೆರವಿಗೆ ಇಳಿಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಮಗುವಿನ ತಾಯಿ, ಅಜ್ಜಿ, ಚಿಕ್ಕಪ್ಪ ಎಲ್ಲಿದ್ದಾರೆ? ಲೋಕದ ಅನಾಥಾಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಇದ್ದಾರೆ. ಅವರನ್ನು ಅಲ್ಲಿಗೆ ತಂದು ಬಿಟ್ಟದ್ದು ಹೆತ್ತವರ ಸಾವಿಗಿಂತ ಹೆಚ್ಚಾಗಿ ಬಡತನ, ಕಾಯಿಲೆ, ಅಂಗವೈಕಲ್ಯ, ಹತ್ತಿರದಲ್ಲಿ ಶಾಲೆಯಿಲ್ಲದ ಸ್ಥಿತಿ. ಯಾಕೋಬನ ಪತ್ರಿಕೆ 1:27 ದಿಕ್ಕಿಲ್ಲದವರನ್ನೂ ವಿಧವೆಯರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ನಾವು ಮಾತ್ರ ಮಗುವನ್ನು ಹಿಡಿದುಕೊಂಡು ವಿಧವೆಯನ್ನು ಮರೆತುಬಿಡುತ್ತೇವೆ.

ಆದ್ದರಿಂದ ಮೊದಲ ನೆರವು ಮನೆಗೆ ಸಲ್ಲಲಿ. ವಿಮೋಚನಕಾಂಡದ 2ನೆಯ ಅಧ್ಯಾಯದಲ್ಲಿ ಫರೋಹನ ಮಗಳು ನದಿಯಲ್ಲಿ ಸಿಕ್ಕಿದ ಕೂಸಿಗೆ ಹಾಲೂಡಿಸಲು ಸಂಬಳ ಗೊತ್ತುಮಾಡಿದ್ದು, ತನಗೇ ತಿಳಿಯದಂತೆ, ಆ ಕೂಸಿನ ಹೆತ್ತ ತಾಯಿಗೆ. ಇಂದು ಕುಟುಂಬಬಲವರ್ಧನೆ ಎಂದು ಕರೆಯುವ ಕೆಲಸದ ಸಾರ ಬಹುಮಟ್ಟಿಗೆ ಇದೇ: ತಾಯಿಗೆ ನೇರ ಹಣದ ನೆರವು, ಶಾಲಾ ಶುಲ್ಕ, ಔಷಧ, ಒಂದು ಜೀವನೋಪಾಯ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಗೆ ಒಂದಿಷ್ಟು ಆಸರೆ. ವಿಶ್ವಸಂಸ್ಥೆ 2009ರಲ್ಲಿ ಅಂಗೀಕರಿಸಿದ ಮಕ್ಕಳ ಪರ್ಯಾಯ ಪಾಲನೆಯ ಮಾರ್ಗಸೂಚಿಗಳು, ಬಡತನವೊಂದನ್ನೇ ಕಾರಣ ಮಾಡಿಕೊಂಡು ಮಗುವನ್ನು ಮನೆಯಿಂದ ಬೇರ್ಪಡಿಸಕೂಡದು ಎನ್ನುತ್ತವೆ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನವೊಂದು, ಆಶ್ರಮಗಳಲ್ಲಿದ್ದ 136 ಎಳೆಯ ಮಕ್ಕಳ ಪೈಕಿ ಸಾಕುಕುಟುಂಬಗಳಿಗೆ ಹೋದವರ ಬೆಳವಣಿಗೆ ಉಳಿದವರಿಗಿಂತ ಉತ್ತಮವಾದುದನ್ನೂ, ಎರಡು ವರ್ಷದೊಳಗೆ ಮನೆ ಸೇರಿದವರಿಗೆ ಹೆಚ್ಚಿನ ಲಾಭವಾದುದನ್ನೂ ತೋರಿಸಿತು. ಹೆತ್ತವರಾಗಲಿ ಬಂಧುಗಳಾಗಲಿ ನಿಜವಾಗಿಯೂ ಇಲ್ಲದ ಮಗುವಿಗೆ ಅದರ ಭಾಷೆ, ಊರುಗಳ ನಡುವೆಯೇ ಸಾಕುಕುಟುಂಬವನ್ನು ಹುಡುಕಿಕೊಡುವುದು ಮುಂದಿನ ಹೆಜ್ಜೆ.

ನಿಮ್ಮ ಸಭೆ ಈಗಾಗಲೇ ಒಂದು ಆಶ್ರಮಕ್ಕೆ ಹಣ ಕಳುಹಿಸುತ್ತಿದ್ದರೆ ಇದನ್ನು ಓದಿದ ಕೂಡಲೇ ನಿಲ್ಲಿಸಬೇಡಿ. ಆಗ ಬೀದಿಗೆ ಬೀಳುವವರು ಮಕ್ಕಳೇ. ಎಷ್ಟು ಮಕ್ಕಳಿಗೆ ಬಂಧುಗಳಿದ್ದಾರೆ, ಅವರನ್ನು ಹುಡುಕುವ ಕೆಲಸ ನಡೆದಿದೆಯೇ, ಮನೆಗೆ ಮರಳಿದ ಮಗುವನ್ನು ಯಾರು ಹೋಗಿ ನೋಡುತ್ತಾರೆ ಎಂದು ನಡೆಸುವವರನ್ನು ವಿಚಾರಿಸಿ, ಅದೇ ಹಣವನ್ನು ಮೆಲ್ಲಮೆಲ್ಲನೆ ಮನೆಗಳತ್ತ ತಿರುಗಿಸುವ ಯೋಜನೆಯೊಂದನ್ನು ಅವರೊಂದಿಗೆ ಕೂತು ರೂಪಿಸಿ. ಇದಕ್ಕೆ ಕೆಲವು ವರ್ಷಗಳೇ ಹಿಡಿಯಬಹುದು.

ವಿಪತ್ತಿನ ಮೊದಲ ವಾರಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದ ಕೆಲವೇ ದಿನಗಳಲ್ಲಿ, ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳಿಂದ ಹೋದ 10 ಮಂದಿ 33 ಮಕ್ಕಳನ್ನು ಸರಿಯಾದ ಕಾಗದಪತ್ರಗಳಿಲ್ಲದೆ ಡೊಮಿನಿಕನ್ ಗಣರಾಜ್ಯಕ್ಕೆ ದಾಟಿಸಲು ಹೊರಟು ಗಡಿಯಲ್ಲಿ ಬಂಧನಕ್ಕೊಳಗಾದರು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಇದ್ದರೆಂದು ಆಮೇಲೆ ತಿಳಿಯಿತು. ಹೋದವರ ಉದ್ದೇಶ ಏನೇ ಇರಲಿ, ಕಾಣೆಯಾದ ಮಗುವನ್ನು ಹುಡುಕುತ್ತಿರುವ ತಾಯಿಗೆ ಇದು ಎರಡನೆಯ ಭೂಕಂಪ. ಬೇರ್ಪಟ್ಟ ಮಕ್ಕಳ ಹೆಸರನ್ನು ದಾಖಲಿಸಿ ಮನೆಯವರನ್ನು ಪತ್ತೆಹಚ್ಚುವ ಕೆಲಸವನ್ನು ರೆಡ್ ಕ್ರಾಸ್, ಯುನಿಸೆಫ್‌ನಂಥ ಸಂಸ್ಥೆಗಳೂ ಸ್ಥಳೀಯ ಅಧಿಕಾರಿಗಳೂ ಮಾಡುತ್ತಾರೆ. ಅದು ಮುಗಿಯುವವರೆಗೆ ದತ್ತು ಸ್ವೀಕಾರದ ಮಾತೆತ್ತಬಾರದು.

ಈ ಹಂತದಲ್ಲಿ ದೂರದಲ್ಲಿರುವವರು ಕೊಡಬಹುದಾದದ್ದು ಹಣ. ಹಳೆಯ ಬಟ್ಟೆ, ಆಟಿಕೆಗಳ ಪೆಟ್ಟಿಗೆಗಳು ಬಂದರುಗಳಲ್ಲೂ ವಿಮಾನ ನಿಲ್ದಾಣಗಳಲ್ಲೂ ರಾಶಿಬಿದ್ದು ಔಷಧಕ್ಕೂ ಆಹಾರಕ್ಕೂ ದಾರಿ ಕಟ್ಟುತ್ತವೆ. ಹಣವಿದ್ದರೆ ಬೇಕಾದದ್ದನ್ನು ಸಮೀಪದ ಮಾರುಕಟ್ಟೆಯಲ್ಲೇ ಕೊಳ್ಳಬಹುದು, ಅಲ್ಲಿನ ವ್ಯಾಪಾರಿಯ ಮನೆಯ ಒಲೆಯೂ ಉರಿಯುತ್ತದೆ. ತೀವ್ರ ಅಪೌಷ್ಟಿಕತೆಯ ಚಿಕಿತ್ಸೆಯನ್ನೇ ನೋಡಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪ್ರಾಣಾಪಾಯವಿದೆ ಎಂದರ್ಥ. ಅಂಥ ಮಕ್ಕಳನ್ನು ಹಿಂದೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕಾಗುತ್ತಿತ್ತು. 1990ರ ದಶಕದಲ್ಲಿ ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆಗಳನ್ನು ಸೇರಿಸಿ ಫ್ರಾನ್ಸಿನಲ್ಲಿ ರೂಪಿಸಿದ ಪೌಷ್ಟಿಕ ಪೇಸ್ಟ್ ಬಂದ ಮೇಲೆ, ಬೇರೆ ತೊಡಕಿಲ್ಲದ ಮಕ್ಕಳು ತಾಯಿಯ ಮಡಿಲಲ್ಲೇ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವಂತಾಯಿತು. ಇಂಥ ಕೆಲಸಕ್ಕೆ ಕೊಟ್ಟ ಹಣ ವ್ಯರ್ಥವಾಗುವುದು ಅಪರೂಪ.

ಯಾವ ಸಂಸ್ಥೆಯ ಮೂಲಕ ಕೊಡಬೇಕು ಎಂಬುದಕ್ಕೆ ಸತ್ಯವೇದದಲ್ಲೇ ಮಾದರಿಯಿದೆ. ಯೂದಾಯದಲ್ಲಿ ಕ್ಷಾಮ ತಲೆದೋರಿದಾಗ ಅಂತಿಯೋಕ್ಯದ ಶಿಷ್ಯರು ಬಾರ್ನಬ ಮತ್ತು ಸೌಲರ ಕೈಯಲ್ಲಿ ಹಣ ಕಳುಹಿಸಿದ್ದು ಅಲ್ಲಿನ ಸಭೆಯ ಹಿರಿಯರಿಗೆ. ತಾವೇ ಹೋಗಿ ಹಂಚಲಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಪೌಲನು, ಧರ್ಮದ ಹಣದ ವಿಷಯದಲ್ಲಿ ಯಾರೂ ತಪ್ಪುಹೊರಿಸದಂತೆ ನಂಬಿಗಸ್ತರನ್ನು ಜೊತೆಗಿರಿಸಿಕೊಂಡಿದ್ದನ್ನು ವಿವರಿಸುತ್ತಾನೆ. ನೀವೂ ಸಂಸ್ಥೆಯ ಲೆಕ್ಕಪರಿಶೋಧನಾ ವರದಿಯನ್ನು ಕೇಳಿ, ಮಕ್ಕಳ ರಕ್ಷಣೆಯ ಲಿಖಿತ ನೀತಿಯನ್ನು ಕೇಳಿ, ದೂರು ಬಂದರೆ ಅದನ್ನು ಯಾರು ವಿಚಾರಿಸುತ್ತಾರೆಂದು ಕೇಳಿ. ಇದು ಅಪನಂಬಿಕೆಯಲ್ಲ, ಕೇಳಿದ್ದಕ್ಕೆ ಸಿಡುಕುವ ಸಂಸ್ಥೆಯನ್ನು ಬಿಟ್ಟುಬಿಡುವುದು ಕ್ಷೇಮ. ನೆರವನ್ನು ಮತಕ್ಕೆ ಗಂಟುಹಾಕುವವರಿಂದಲೂ ದೂರವಿರಿ. ಅನೇಕ ಕ್ರೈಸ್ತ ಸಂಸ್ಥೆಗಳೂ ಒಪ್ಪಿ ಸಹಿಹಾಕಿರುವ, 1994ರಲ್ಲಿ ಪ್ರಕಟವಾದ ರೆಡ್ ಕ್ರಾಸ್ ನೀತಿಸಂಹಿತೆ, ಜನಾಂಗ, ಮತಗಳನ್ನು ನೋಡದೆ ಅಗತ್ಯವನ್ನಷ್ಟೇ ನೋಡಿ ನೆರವು ಕೊಡಬೇಕೆನ್ನುತ್ತದೆ. ಹಸಿದ ಮಗುವಿನ ಮುಂದೆ ತಟ್ಟೆಯಿಟ್ಟು ಪ್ರಾರ್ಥನೆಯನ್ನು ಬೆಲೆಯಾಗಿ ಕೇಳುವುದು ಸಾಕ್ಷಿಯಲ್ಲ, ಒತ್ತಾಯ.

ಸ್ವಯಂಸೇವಕರಾಗಿ ಹೋಗುವ ಹಂಬಲವಿರುವವರು ವೈದ್ಯರೋ ದಾದಿಯರೋ ನೀರು ಸರಬರಾಜಿನ ಎಂಜಿನಿಯರರೋ ಆಗಿದ್ದು, ಅಲ್ಲಿನವರೇ ಕರೆದಿದ್ದರೆ ಹೋಗಲಿ. ಎರಡು ವಾರ ಮಕ್ಕಳನ್ನು ಎತ್ತಿ ಆಡಿಸಿ ಹಿಂದಿರುಗುವ ಪ್ರವಾಸಗಳು ಮಾತ್ರ ಬೇಡ; ಬಂದವರೆಲ್ಲ ಬಿಟ್ಟುಹೋಗುವುದನ್ನು ಆ ಮಕ್ಕಳು ಆಗಲೇ ಬೇಕಾದಷ್ಟು ಕಂಡಿರುತ್ತಾರೆ.

ಒಂದು ಮಗುವಿಗೆ ಪ್ರತಿ ತಿಂಗಳು ಪ್ರಾಯೋಜಕತ್ವ ನೀಡುವ ಪದ್ಧತಿ ಕೊರಿಯಾ ಯುದ್ಧದ ಕಾಲದಲ್ಲಿ, 1950ರ ದಶಕದಲ್ಲಿ, ಕ್ರೈಸ್ತ ಸಂಸ್ಥೆಗಳ ನಡುವೆ ಹರಡಿತು. ಹಣ ಆ ಒಂದು ಮಗುವಿನ ಕೈಗಷ್ಟೇ ಹೋಗುತ್ತದೆಯೋ, ಇಡೀ ಸಮುದಾಯದ ನೀರು, ಶಾಲೆ, ಆರೋಗ್ಯಕ್ಕೆ ಬಳಕೆಯಾಗುತ್ತದೆಯೋ ಎಂದು ಮೊದಲೇ ತಿಳಿದುಕೊಳ್ಳಿ. ಎರಡನೆಯದು ಅಕ್ಕಪಕ್ಕದ ಮನೆಗಳ ನಡುವೆ ಅಸೂಯೆ ಹುಟ್ಟಿಸುವುದಿಲ್ಲ. ಪತ್ರವನ್ನು ಸಂಸ್ಥೆಯ ಮೂಲಕವೇ ಬರೆಯಿರಿ. ಮಗುವಿನ ಚಿತ್ರವನ್ನೂ ಊರಿನ ಹೆಸರನ್ನೂ ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ.

ಪ್ರಾರ್ಥನೆಯ ಬಗ್ಗೆಯೂ ಒಂದು ಮಾತು. ಸುದ್ದಿಯಿಂದ ಮರೆಯಾದ ಸಂಕಟವೇ ಹಣಕ್ಕೆ ಹೆಚ್ಚು ಹಾತೊರೆಯುತ್ತಿರುತ್ತದೆ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾದಾಗ ಪ್ರಾರ್ಥಿಸಿದ ಎಷ್ಟೋ ಸಭೆಗಳು ಮರುವರ್ಷ ಆ ಹೆಸರೆತ್ತಲಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರದ ಪ್ರಾರ್ಥನೆಯಲ್ಲಿ ಒಂದೇ ದೇಶವನ್ನು ವರ್ಷವಿಡೀ ಹೆಸರಿಡಿದು ನೆನೆಯಿರಿ, ಆ ದಿನದ ಕಾಣಿಕೆಯ ಒಂದು ಪಾಲನ್ನು ಅಲ್ಲಿಗೇ ಮೀಸಲಿಡಿ, ಬಂದ ವರದಿಯನ್ನು ಎಲ್ಲರ ಮುಂದೆ ಓದಿಸಿ. ವರದಿ ಬಾರದಿದ್ದರೆ ಮುಂದಿನ ಕಂತು ಕಳುಹಿಸುವ ಮುನ್ನ ಬರೆದು ವಿಚಾರಿಸಿ.